ಮೊದಲ ದಿನ ಡಾಕ್ಟರು ಏನು ಕೇಳುತ್ತಾರೆ

ಕುಡಿತ ಬಿಡಿಸಲು ಆಸ್ಪತ್ರೆಗೆ ಹೋಗುವುದೆಂದರೆ ನಮ್ಮ ಕಡೆಯ ಮನೆಗಳಲ್ಲಿ ಎರಡೇ ಕಲ್ಪನೆ. ಡಾಕ್ಟರು ಚೆನ್ನಾಗಿ ಬೈದು ಬುದ್ಧಿ ಹೇಳುತ್ತಾರೆ ಅನ್ನುವುದು ಒಂದು. ಹೋದ ಕೂಡಲೇ ಹಿಡಿದು ಒಳಗೆ ಹಾಕುತ್ತಾರೆ ಅನ್ನುವುದು ಇನ್ನೊಂದು. ಮನೆಯವರು ಮೊದಲನೆಯದರ ಆಸೆಯಲ್ಲಿರುತ್ತಾರೆ, ಕುಡಿಯುವವರು ಎರಡನೆಯದಕ್ಕೆ ಹೆದರಿ ಬಾಗಿಲು ದಾಟುವುದೇ ಇಲ್ಲ. ತಮ್ಮನ ಜೊತೆ ನಾನು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಕೂತ ದಿನ ಇವೆರಡರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಪ್ರಶ್ನೆ, ತಪಾಸಣೆ, ರಕ್ತ ಪರೀಕ್ಷೆ, ಮತ್ತೆ ಪ್ರಶ್ನೆ. ಏನು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂದು ಮೊದಲೇ ತಿಳಿದಿದ್ದರೆ ಅರ್ಧ ಹೆದರಿಕೆ ಮನೆಯಲ್ಲೇ ಕಳೆಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಮ್ಮನನ್ನು ಕೇಳಿಯೇ ಬರೆದಿದ್ದೇನೆ. "ನನ್ನ ಹೆಸರು, ಊರು ಹಾಕ್ಬೇಡಕ್ಕ, ಮಿಕ್ಕಿದ್ದೆಲ್ಲ ಹಾಕು" ಅಂದ.

ತುಮಕೂರು ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ಅವನ ಬಳಿಗೇ ಬರುತ್ತಿತ್ತು. ಕೊನೆಕೊನೆಗೆ ಅಂಗಡಿ ಮುಚ್ಚಿರುವ ದಿನಗಳೇ ಹೆಚ್ಚಾದವು. ಆಗ ಯಾರೋ ಕೊಟ್ಟ ನಂಬರಿನಿಂದ ಒಂದು ಖಾಸಗಿ ಕೇಂದ್ರಕ್ಕೆ ಫೋನ್ ಮಾಡಿದೆವು. ಅವನು ಎಷ್ಟು ಕುಡಿಯುತ್ತಾನೆ, ವಯಸ್ಸೆಷ್ಟು, ಬೇರೆ ಕಾಯಿಲೆ ಇದೆಯಾ, ಏನನ್ನೂ ಕೇಳಲಿಲ್ಲ. "ಅಡ್ರೆಸ್ ಕಳಿಸಿ, ರಾತ್ರಿ ನಮ್ಮ ಹುಡುಗರು ಗಾಡಿ ತಂದು ಎತ್ಕೊಂಡು ಬರ್ತಾರೆ, ಮೂರು ತಿಂಗಳ ದುಡ್ಡು ಮುಂಗಡ" ಅಂದರು. ಅಮ್ಮ ಒಪ್ಪಲಿಲ್ಲ. ಅಮ್ಮ ಒಪ್ಪದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಆಮೇಲೆ ಗೊತ್ತಾಯಿತು. ರೋಗಿಯನ್ನು ನೋಡುವ ಮೊದಲೇ ಚಿಕಿತ್ಸೆ ಎಷ್ಟು ತಿಂಗಳು ಎಂದು ಹೇಳುವವರ ಕೈಗೆ ಯಾರನ್ನೂ ಒಪ್ಪಿಸಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಇಂಥ ರೋಗಿಗಳನ್ನು ಇಟ್ಟುಕೊಳ್ಳುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ರೋಗಿಗೂ ಹಕ್ಕುಗಳಿವೆ. ರಾತ್ರಿ ಬಂದು ಎತ್ತಿಕೊಂಡು ಹೋಗುವುದು ಚಿಕಿತ್ಸೆಯ ದಾರಿಯಲ್ಲ.

ಹೊರಡುವ ಹಿಂದಿನ ದಿನ ಎಲ್ಲ ಮನೆಯಲ್ಲೂ ಒಂದೇ ಮಾತು: "ನಾಳೆ ಡಾಕ್ಟರ ಹತ್ರ ಹೋಗ್ಬೇಕು, ಇವತ್ತೊಂದಿನ ಮುಟ್ಬೇಡ." ಕೇಳಲು ಸರಿಯಾಗಿಯೇ ಇದೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸುವುದೇ ಅಪಾಯ. ಕೊನೆಯ ಸಲ ಕುಡಿದ ಆರು ಗಂಟೆಯಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಮನಸ್ಸು ಗಲಿಬಿಲಿಯಾಗಿ, ಇಲ್ಲದ್ದು ಕಂಡು, ಜ್ವರ ಬೆವರು ಏರಿ ಪ್ರಾಣಕ್ಕೇ ಕುತ್ತು ಬರುವ ಸ್ಥಿತಿಗೂ ಹೋಗಬಹುದು. ಅದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಪೂರ್ತಿ ಅಮಲಿನಲ್ಲಿ ಹೋದರೆ ಮಾತುಕತೆ ಆಗುವುದಿಲ್ಲ, ನಿಜ. ಹಾಗೆಂದು ಡಾಕ್ಟರನ್ನು ಕೇಳದೆ ಮನೆಯಲ್ಲಿ ಕೂಡಿಹಾಕಿ ನಿಲ್ಲಿಸಬೇಡಿ.

ಅದಕ್ಕೇ ಇರಬೇಕು, ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು, ಕೆಲಸ ಬರೆದುಕೊಂಡ ಮೇಲೆ ನಿಮ್ಹಾನ್ಸ್‌ನ ಯುವ ಡಾಕ್ಟರೊಬ್ಬರು ಕೇಳಿದ ಮೊದಲ ಪ್ರಶ್ನೆ "ಕೊನೇ ಸಲ ಕುಡಿದಿದ್ದು ಯಾವಾಗ?" ಎಂದು. ತಮ್ಮ ನನ್ನ ಮುಖ ನೋಡಿದ. "ಅವರನ್ನ ನೋಡ್ಬೇಡಿ, ನನಗೆ ಹೇಳಿ. ಎಷ್ಟು ಗಂಟೆಗೆ ಅಂತ ಬೇಕು" ಅಂದರು ಆಕೆ. "ಬೆಳಿಗ್ಗೆ ಐದೂವರೆಗೆ ಮೇಡಂ. ಬಸ್ ಹತ್ತೋ ಮುಂಚೆ. ಒಂದು ನೈಂಟಿ." ಆಕೆ ಬರೆದುಕೊಂಡರು, ಅಷ್ಟೇ. ಹುಬ್ಬು ಕೂಡ ಮೇಲೇರಲಿಲ್ಲ. ಅಲ್ಲಿಂದ ಮುಂದೆ ಅವನು ಸುಳ್ಳು ಹೇಳಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಲೆಕ್ಕ. "ಸ್ವಲ್ಪ", "ಎರಡು ಪೆಗ್ಗು" ಎಂಬ ಉತ್ತರಗಳು ಅಲ್ಲಿ ನಡೆಯುವುದಿಲ್ಲ. ಪ್ಯಾಕೆಟ್ಟೋ ಬಾಟಲೋ, ತೊಂಬತ್ತೋ ಕ್ವಾರ್ಟರೋ, ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು, ಎಲ್ಲ ಬಿಡಿಸಿ ಕೇಳುತ್ತಾರೆ. ಹತ್ತು ಗ್ರಾಂ ಶುದ್ಧ ಆಲ್ಕೋಹಾಲ್ ಎಂದರೆ ಒಂದು ಅಳತೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ 30 ಮಿಲಿಲೀಟರಿಗೆ ಒಂದು ಅಳತೆ ಆಗುತ್ತದೆ, 180ರ ಕ್ವಾರ್ಟರಿಗೆ ಆರು. ತಮ್ಮನದು ದಿನಕ್ಕೆ ಎರಡು ಕ್ವಾರ್ಟರು ಎಂದಾಗ ಡಾಕ್ಟರು ಅಂಚಿನಲ್ಲಿ 12 ಎಂದು ಬರೆದರು. "ಬೀರೂ ಇದ್ಯಾ?" ಎಂದರೆ "ಅದು ಲೆಕ್ಕಕ್ಕಿಲ್ಲ ಮೇಡಂ, ಭಾನುವಾರ ಮಾತ್ರ" ಅಂದ. ಶೇಕಡಾ 8ರ ಸ್ಟ್ರಾಂಗ್ ಬೀರಿನ ಒಂದು ದೊಡ್ಡ ಬಾಟಲಿಯಲ್ಲಿ ನಾಲ್ಕು ಅಳತೆ ಇರುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಜೊತೆಗೆ ಆಡಿಟ್ ಎಂಬ ಪ್ರಶ್ನಾವಳಿಯನ್ನೂ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ್ದು, ಹತ್ತು ಪ್ರಶ್ನೆ, ಒಟ್ಟು 40 ಅಂಕ. ಶುರು ಮಾಡಿದ ಮೇಲೆ ನಿಲ್ಲಿಸಲಾಗದ್ದು, ಬೆಳಿಗ್ಗೆ ಎದ್ದಕೂಡಲೇ ಬೇಕಾಗುವುದು, ಹಿಂದಿನ ರಾತ್ರಿ ನಡೆದದ್ದು ನೆನಪಿಲ್ಲದ್ದು, ಇಂಥವೇ ಪ್ರಶ್ನೆಗಳು. 8 ಬಂದರೆ ಎಚ್ಚರಿಕೆ, 20 ಮುಟ್ಟಿದರೆ ಅವಲಂಬನೆ ಇದೆಯೇ ಎಂದು ಇನ್ನೂ ಆಳವಾಗಿ ನೋಡಬೇಕು. ತಮ್ಮನದು 20 ದಾಟಿತ್ತು. ಅಂಕವೇ ತೀರ್ಪಲ್ಲ, ಮುಂದಿನ ಮಾತಿಗೆ ಅದು ದಾರಿ ಎಂದರು.

ಆ ದಿನ ಕೇಳಿದ ಎಲ್ಲ ಪ್ರಶ್ನೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದು. "ಕುಡಿದರೆ ನಿಮಗೆ ಏನು ಒಳ್ಳೇದಾಗುತ್ತೆ?"

ತಮ್ಮನ ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು "ಯಾಕೆ ಕುಡೀತೀಯ" ಎಂದೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಕೈ ನಿಲ್ಲುತ್ತೆ ಮೇಡಂ" ಅಂದ. ಡಾಕ್ಟರು ಬಿಡಿಸಿ ಹೇಳಿ ಎಂದಾಗ ಹೇಳಿದ. ಸ್ಟೇಟರಿನ ಸ್ಲಾಟುಗಳಲ್ಲಿ ಕಾಗದ ಕೂರಿಸಿ ಅದರೊಳಗೆ ತಾಮ್ರದ ತಂತಿ ಇಳಿಸಬೇಕು. ತಂತಿಯ ಮೇಲಿನ ಎನಾಮಲ್ ಎಲ್ಲಾದರೂ ಗೀರಿದರೆ ಇಡೀ ವೈಂಡಿಂಗ್ ಮತ್ತೆ ಸುಡುತ್ತದೆ. ಬೆಳಿಗ್ಗೆ ಕೈ ನಡುಗುವುದರಿಂದ ತಂತಿ ಒಳಗೆ ಹೋಗುವುದಿಲ್ಲ. ಒಂದು ನೈಂಟಿ ಹಾಕಿದರೆ ಹೋಗುತ್ತದೆ. ರೈತರು ನೀರು ಹಾಯಿಸಲು ಕಾಯುತ್ತಿರುತ್ತಾರಲ್ಲ.

ಡಾಕ್ಟರು ಎರಡೂ ಕೈ ಮುಂದೆ ಚಾಚಲು ಹೇಳಿದರು. ಬೆರಳು ಅಗಲಿಸಿದ ಮೇಲೆ ಅವುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಆಗ ಮಧ್ಯಾಹ್ನ ಹತ್ತಿರವಾಗಿತ್ತು, ಬೆಳಗಿನ ನೈಂಟಿ ಇಳಿದುಹೋಗಿತ್ತು. ಹಾಳೆಯ ಅಂಚು ಸದ್ದು ಬರುವಷ್ಟು ಅದುರುತ್ತಿತ್ತು. ತಮ್ಮ ಅದನ್ನೇ ನೋಡುತ್ತಿದ್ದ. ಕುಡಿಯುತ್ತಾನೆ, ಅದಕ್ಕೇ ಅಂಗಡಿ ತೆಗೆಯುವುದಿಲ್ಲ ಎಂದು ಇಡೀ ಊರು ಹೇಳುತ್ತಿತ್ತು. ಅಂಗಡಿ ತೆಗೆಯುವ ಸಲುವಾಗಿಯೇ ಬೆಳಿಗ್ಗೆ ಕುಡಿಯುತ್ತಿದ್ದ ಎಂಬುದು ಅವನ ಬಾಯಿಂದ ಬಂದದ್ದು ಆ ದಿನ. ಮುಂದಿನ ಚಿಕಿತ್ಸೆಯಲ್ಲಿ ಮೊದಲು ನಿಲ್ಲಬೇಕಾದದ್ದು ಆ ನಡುಕ ಎಂದು ನಿಶ್ಚಯವಾದದ್ದೂ ಅಲ್ಲೇ.

"ಮುಂಚೆ ಯಾವಾಗಲಾದರೂ ಬಿಟ್ಟಿದ್ದಿರಾ? ಬಿಟ್ಟಾಗ ಏನಾಯ್ತು?" ಎಂದು ಕೇಳಿದಾಗ ಅವನು ಅಯ್ಯಪ್ಪ ಮಾಲೆಯ ಸಂಗತಿ ಹೇಳಿದ. ನಮ್ಮ ಕಡೆ ಎಷ್ಟೋ ಗಂಡಸರು ಕುಡಿತ ಬಿಡುವುದು ಆ 41 ದಿನದ ವ್ರತದಲ್ಲಿ ಮಾತ್ರ. ಇವನೂ ಒಂದು ವರ್ಷ ಮಾಲೆ ಹಾಕಿದ್ದ. ಎರಡನೇ ದಿನ ಸಂಜೆ ಭಜನೆಯಲ್ಲಿ ಕೂತವನು ಹಾಗೇ ಒರಗಿ ಬಿದ್ದು ಕೈಕಾಲು ಸೆಟೆದುಕೊಂಡಿತು. ಮೈಲಿಗೆ ಆಗಿರಬೇಕು, ಸ್ವಾಮಿ ಮುನಿದಿದ್ದಾನೆ ಎಂದು ಜನ ಮಾತಾಡಿದರು. ಮಾಲೆ ತೆಗೆದ, ಆ ಅವಮಾನಕ್ಕೇ ಇನ್ನಷ್ಟು ಕುಡಿದ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು: ಎಷ್ಟು ನಿಮಿಷ ಇತ್ತು, ನಾಲಿಗೆ ಕಚ್ಚಿಕೊಂಡಿದ್ದರಾ, ಬಟ್ಟೆಯಲ್ಲಿ ಮೂತ್ರ ಹೋಗಿತ್ತಾ, ಚಿಕ್ಕಂದಿನಲ್ಲಿ ಫಿಟ್ಸ್ ಇತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ. ಆಮೇಲೆ ನಿಧಾನವಾಗಿ "ಇದು ಯಾವ ದೇವರ ಕೋಪವೂ ಅಲ್ಲ. ಒಮ್ಮೆಲೇ ನಿಲ್ಲಿಸಿದ್ದಕ್ಕೆ ಬಂದ ಫಿಟ್ಸ್" ಅಂದರು. ಹಿಂದೆ ಹೀಗಾಗಿದ್ದವರಿಗೆ ಮತ್ತೆ ಆಗುವ ಸಂಭವ ಹೆಚ್ಚು, ಹಾಗಾಗಿ ಮನೆಯಲ್ಲಿ ಮಾತ್ರೆ ಕೊಟ್ಟು ಬಿಡಿಸುವುದು ಬೇಡ, ದಾಖಲಾಗುವುದು ಕ್ಷೇಮ ಎಂದು ಅವರು ಹೇಳಿದ್ದು ಈ ಸಂಗತಿಯ ಆಧಾರದ ಮೇಲೆ. ಮನೆಯವರು ಇಂಥದ್ದನ್ನು ನೆನಪಿಸಿಕೊಂಡು ಹೋಗಬೇಕು. ಕುಡಿದವರಿಗೆ ನೆನಪಿರುವುದಿಲ್ಲ, ನೋಡಿದವರಿಗೆ ಇರುತ್ತದೆ.

ಅವನ ಒಪ್ಪಿಗೆ ಕೇಳಿ ನಮ್ಮಿಬ್ಬರ ಜೊತೆ ಬೇರೆಯಾಗಿ ಮಾತಾಡಿದರು. ಸಾಲ, ಹೊಡೆತ, ಕುಡಿದು ಬೈಕ್ ಓಡಿಸುವುದು, ಮಕ್ಕಳ ಎದುರು ನಡೆದದ್ದು, ಎಲ್ಲ ಕೇಳಿದರು. ಆಗ ತಮ್ಮನ ಹೆಂಡತಿ ಒಂದು ಮಾತು ಹೇಳಿದಳು. ರೋಗಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ ಎಂದು ಗೋಡೆಗಳ ಮೇಲೆ ಬರೆಸಿರುತ್ತಾರಲ್ಲ, ಅಂಥದೊಂದು ಪುಡಿ ತರಿಸಿ ಸಾರಿನಲ್ಲಿ ಹಾಕಿದ್ದಳಂತೆ. ಡಾಕ್ಟರು ಗದರಲಿಲ್ಲ. ಆದರೆ ತುಂಬ ಖಚಿತವಾಗಿ ಹೇಳಿದರು: ಅಂಥ ಪುಡಿಯಲ್ಲಿ ಏನಿರುತ್ತದೋ ಗೊತ್ತಿಲ್ಲ. ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿಯಾಗಿ, ಬಿ.ಪಿ. ಕುಸಿದು ಜೀವವೇ ಹೋಗಬಹುದು. ಅದು ಒಳ್ಳೆಯ ಔಷಧಿಯೇ, ಆದರೆ ತಿಳಿದು ಒಪ್ಪಿ ತೆಗೆದುಕೊಳ್ಳುವವರಿಗೆ ಮಾತ್ರ. ಗುಟ್ಟಾಗಿ ಕೊಡುವವರು ಈ ಸಾಲನ್ನು ಎರಡು ಸಲ ಓದಲಿ ಎಂದು ನನ್ನ ಕೋರಿಕೆ.

ಅವನನ್ನು ಒಬ್ಬನನ್ನೇ ಕೂರಿಸಿಕೊಂಡಾಗ "ಸಾಯಬೇಕು ಅನ್ನಿಸಿದೆಯಾ?" ಎಂದು ನೇರವಾಗಿ ಕೇಳಿದರಂತೆ. ಅವನೇ ಆಮೇಲೆ ನನಗೆ ಹೇಳಿದ. ಹಾಗೆ ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಎಂದು ನಾವು ಹೆದರುತ್ತೇವೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಎದೆ ಹಗುರವಾಯಿತು ಎಂದ.

ಬೀಡಿ, ಹೊಗೆಸೊಪ್ಪು, ಗಾಂಜಾ, ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್, ಇಂಜೆಕ್ಷನ್, ಇವೆಲ್ಲವನ್ನೂ ಎಲ್ಲರಿಗೂ ಕೇಳುತ್ತಾರೆ. ಅನುಮಾನದಿಂದಲ್ಲ, ಔಷಧಿಗಳು ಒಂದಕ್ಕೊಂದು ತಿಕ್ಕಾಡಬಾರದು ಎಂದು. ಮೂತ್ರ ಪರೀಕ್ಷೆಯೂ ಮಾಡಿಸಬಹುದು. ಅದು ಪೊಲೀಸರಿಗಾಗಿ ಅಲ್ಲ. ರೋಗಿಯ ವಿಷಯ ಗುಟ್ಟಾಗಿಡುವುದನ್ನು 2017ರ ಕಾಯ್ದೆ ಕಡ್ಡಾಯ ಮಾಡಿದೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ.

ಮೈ ತಪಾಸಣೆಯಲ್ಲಿ ಕಣ್ಣಿನ ಹಳದಿ, ಹೊಟ್ಟೆಯ ಬಲಕ್ಕೆ ಲಿವರು, ನೇರ ಗೆರೆಯ ಮೇಲೆ ನಡೆಯುವುದು, ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು, ಇವೆಲ್ಲ ಇದ್ದವು. ರಕ್ತದಲ್ಲಿ ಲಿವರಿನ ಪರೀಕ್ಷೆಗಳು, ಸಕ್ಕರೆ, ಲವಣಗಳು, ರಕ್ತಕಣಗಳ ಎಣಿಕೆ. ಇಲ್ಲಿ ಒಂದು ಸಂಗತಿಯನ್ನು ಹಳ್ಳಿಯ ಓದುಗರಿಗೆ ಹೇಳಲೇಬೇಕು. ಕುಡಿದು ಸುಸ್ತಾದವರಿಗೆ ನಾವು ಮೊದಲು ಮಾಡಿಸುವುದು ಗ್ಲೂಕೋಸ್ ಬಾಟಲಿ. ಸರಿಯಾಗಿ ಊಟವಿಲ್ಲದೆ ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನಡಿಗೆ, ನೋಟ, ನೆನಪು ಕೆಡಬಹುದು. ಊರಿನ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕುವಾಗ "ಇವರು ದಿನಾ ಕುಡಿಯುವವರು" ಎಂದು ಹೇಳಲು ಸಂಕೋಚಪಡಬೇಡಿ.

ಸಂಜೆಯ ಹೊತ್ತಿಗೆ ಹಿರಿಯ ಡಾಕ್ಟರು ಬಂದು ಕೇಸ್ ಶೀಟ್ ಓದಿ, ಇನ್ನೂ ಒಂದೆರಡು ಪ್ರಶ್ನೆ ಕೇಳಿ, ಅವನಿಗೇ ಹೇಳಿದರು: ಇದು ಅವಲಂಬನೆ, ಕಾಯಿಲೆ. ನಡುಕ ಇಳಿಯುವ ತನಕ ಮಾತ್ರೆಯನ್ನು ಹೆಚ್ಚು ಡೋಸಿನಿಂದ ಶುರುಮಾಡಿ ದಿನದಿನಕ್ಕೆ ಕಡಿಮೆ ಮಾಡುತ್ತೇವೆ. ಆಮೇಲೆ ಆಸೆ ತಗ್ಗಿಸುವ ಔಷಧಿಯ ಮಾತು, ಕೌನ್ಸೆಲಿಂಗ್, ತಿಂಗಳುಗಟ್ಟಲೆ ಫಾಲೋಅಪ್. ಒಪ್ಪುವುದು ಬಿಡುವುದು ನಿಮ್ಮದು. ಅವನು ತಾನೇ ಸಹಿ ಹಾಕಿ ದಾಖಲಾದ. ಯಾರೂ ಎತ್ತಿಕೊಂಡು ಹೋಗಲಿಲ್ಲ.

ಬಿಡುಗಡೆಯಾದ ಮೇಲೆ ಊರ ಜಾತ್ರೆಯಲ್ಲಿ ಒಮ್ಮೆ ಮತ್ತೆ ಕುಡಿದ. ಹಾಗಾಗಬಹುದು ಎಂದು ಮೊದಲ ದಿನವೇ ಹೇಳಿದ್ದರಿಂದ ಮನೆಯಲ್ಲಿ ರಂಪವಾಗಲಿಲ್ಲ, ಅವನೇ ಬಸ್ಸು ಹತ್ತಿ ಹೋಗಿ ಡಾಕ್ಟರಿಗೆ ಹೇಳಿ ಬಂದ. ಈಗ ಬೆಳಿಗ್ಗೆ ಅಂಗಡಿ ತೆಗೆಯುತ್ತಾನೆ.

2019ರಲ್ಲಿ ಪ್ರಕಟವಾದ, ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಮಿಕ್ಕವರ ಮನೆಗಳು ನಮ್ಮ ಅಕ್ಕಪಕ್ಕದಲ್ಲೇ ಇವೆ. ಬೆಂಗಳೂರಿಗೇ ಬರಬೇಕೆಂದಿಲ್ಲ. ಧಾರವಾಡದ ಡಿಮ್ಹಾನ್ಸ್ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಿವೆ. ಕುಡಿಯುವವರು ಬರಲು ಒಪ್ಪದಿದ್ದರೆ ಮೊದಲು ನೀವೇ ಹೋಗಿ ಮಾತಾಡಿ. ಅದೂ ಕಷ್ಟವಾದರೆ ಟೆಲಿ ಮಾನಸ್‌ನ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಎರಡೂ ಉಚಿತ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.