ಸಾಮಾನ್ಯ ಗೆಂಡೆ ಮೀನಿನ ಮರಿ ಮಾಡಿಸುವುದೂ ಮರಿಗಳ ಸಂರಕ್ಷಣೆಯೂ

ಕೆರೆಕುಂಟೆಗಳುಳ್ಳ ಗ್ರಾಮಗಳಲ್ಲಿ ಮೀನು ಸಾಕುವವರಿಗೆ ಒದಗುವ ಮುಖ್ಯವಾದ ತೊಂದರೆಯೆಂದರೆ ಸಕಾಲದಲ್ಲಿ ಒಳ್ಳೆಯ ಮರಿಗಳು ದೊರೆಯದಿರುವುದೇ ಆಗಿದೆ. ಕಟ್ಲ, ರೋಹು, ಮೃಗಾಲ್ ಜಾತಿಗಳು ಮಳೆಗಾಲದ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡತಕ್ಕವು. ನಿಂತ ನೀರಿನಲ್ಲಿ ತಾವಾಗಿ ಇಡುವುದಿಲ್ಲ. ೧೯೫೭ನೆಯ ಇಸವಿಯಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರೂ ಅವರ ಸಂಗಡಿಗರೂ ಮೀನಿನ ತಲೆಯಲ್ಲಿರುವ ಒಂದು ಗ್ರಂಥಿಯ ರಸವನ್ನು ಚುಚ್ಚಿ ಇವುಗಳಿಂದ ಮೊಟ್ಟೆಯಿಡಿಸಿದರು. ಆ ಕ್ರಮವು ಪಳಗಿದ ಕೈಗೆ ತಕ್ಕದ್ದು. ಸಾಮಾನ್ಯ ಗೆಂಡೆಯಾದರೋ ಯಾವ ಮದ್ದೂ ಇಲ್ಲದೆ ಕುಂಟೆಯಲ್ಲಿಯೇ ಮೊಟ್ಟೆಯಿಡುವುದರಿಂದ ಸಾಧಾರಣ ರೈತರಿಗೂ ಅನುಕೂಲವಾಗಿದೆ.

ಒಂದು ಕಿಲೋ ತೂಕದ ಹೆಣ್ಣು ಗೆಂಡೆಯು ಸುಮಾರು ಒಂದು ಲಕ್ಷ ಮೊಟ್ಟೆಗಳನ್ನು ಇಡುವುದು. ಹೀಗಿದ್ದರೂ ಅನೇಕರ ಕುಂಟೆಗಳಲ್ಲಿ ತಿಂಗಳೊಪ್ಪತ್ತಿನೊಳಗೆ ಮರಿಗಳೇ ಕಾಣದೆ ಹೋಗುವುವು. ಮೊಟ್ಟೆಯಿಡಿಸುವುದು ಸುಲಭ, ಮರಿಗಳ ಮೊದಲ ಹದಿನೈದು ದಿನಗಳನ್ನು ದಾಟಿಸುವುದೇ ಕಷ್ಟ. ಆದುದರಿಂದ ಮೊದಲು ಮರಿಕೊಳವನ್ನು ಸಿದ್ಧಪಡಿಸಿ, ಆಮೇಲೆ ಮೀನುಗಳನ್ನು ಜೊತೆಗೂಡಿಸತಕ್ಕದ್ದು.

ಮರಿಕೊಳದ ಸಿದ್ಧತೆ.— ಎರಡರಿಂದ ಐದು ಗುಂಟೆ ವಿಸ್ತಾರವೂ ಮೂರು ನಾಲ್ಕು ಅಡಿ ಆಳವೂ ಉಳ್ಳ ಕೊಳವು ಸಾಕು. ಬೇಸಗೆಯಲ್ಲಿ ನೀರನ್ನು ಬಸಿದು ತಳವನ್ನು ಬಿಸಿಲಿಗೆ ಒಣಗಿಸಿದರೆ ಕೊರವ ಮೊದಲಾದ ಮರಿ ತಿನ್ನುವ ಮೀನುಗಳು ನಾಶವಾಗುವುವು. ನೀರು ಬಸಿಯಲಾಗದ ಕಡೆ, ಮರಿ ಬಿಡುವುದಕ್ಕೆ ಮೂರು ವಾರ ಮುಂಚೆ, ಸುಮಾರು ಮೂರು ಅಡಿ ನೀರಿರುವ ಗುಂಟೆಯೊಂದಕ್ಕೆ ೨೫ ಕಿಲೋ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಬೇಕು. ಇದರ ವಿಷವು ಎರಡು ಮೂರು ವಾರಗಳಲ್ಲಿ ಇಳಿದು, ಹಿಂಡಿಯೇ ಗೊಬ್ಬರವಾಗುವುದು. ಗುಂಟೆಗೆ ೨ ರಿಂದ ೩ ಕಿಲೋ ಸುಣ್ಣವನ್ನೂ, ಮರಿ ಬಿಡುವುದಕ್ಕೆ ಎರಡು ವಾರ ಮುಂಚೆ ೧೦೦ ಕಿಲೋ ಹಸಿ ಸಗಣಿಯನ್ನೂ ಹಾಕಬೇಕು. ಹಿಪ್ಪೆ ಹಿಂಡಿ ಹಾಕಿದ್ದರೆ ಸಗಣಿಯು ಅರ್ಧದಷ್ಟು ಸಾಕು. ಸಗಣಿಯಿಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹುಟ್ಟುವುವು. ಮರಿಗಳಿಗೆ ತಾಯಿಹಾಲಿನಂತಿರುವ ಆಹಾರವು ಇದೇ. ೫೦ ಲೀಟರ್ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿದಾಗ ಒಂದೆರಡು ಮಿಲಿಲೀಟರಿನಷ್ಟು ಇಂಥ ಜೀವಿಗಳು ನಿಂತರೆ ಕೊಳವು ಹದವಾಗಿದೆಯೆಂದು ತಿಳಿಯಬೇಕು.

ಮೊಟ್ಟೆಯಿಡಿಸುವ ಕ್ರಮ.— ಜನವರಿಯಿಂದ ಮಾರ್ಚಿಯವರೆಗೂ, ಪುನಃ ಜುಲೈ ಆಗಸ್ಟ್ ತಿಂಗಳುಗಳಲ್ಲಿಯೂ ಗೆಂಡೆಯು ಹೆಚ್ಚಾಗಿ ಮೊಟ್ಟೆಯಿಡುವುದು. ಹೊಟ್ಟೆ ಉಬ್ಬಿ ಮೆತ್ತಗಿರುವ ಹೆಣ್ಣನ್ನೂ, ಹೊಟ್ಟೆಯನ್ನು ಮೆಲ್ಲಗೆ ಒತ್ತಿದಾಗ ಹಾಲಿನಂಥ ರಸ ಬರುವ ಗಂಡುಗಳನ್ನೂ ಆರಿಸಿ, ಕೆಲವು ವಾರ ಮುಂಚಿತವಾಗಿ ಬೇರೆ ಬೇರೆ ಇಡತಕ್ಕದ್ದು. ನೀರಿನಲ್ಲಿ ಕಟ್ಟಿದ ತೆಳುಬಟ್ಟೆಯ ತೊಟ್ಟಿಯೊಳಗೆ ಒಂದು ಹೆಣ್ಣಿಗೆ ಎರಡು ಗಂಡಿನಂತೆ ಸಂಜೆ ಬಿಟ್ಟು, ಹೆಣ್ಣಿನ ತೂಕದ ಎರಡರಷ್ಟು ಚೆನ್ನಾಗಿ ತೊಳೆದ ನೀರುಗಿಡಗಳನ್ನು ಹಾಕಬೇಕು. ಗೆಂಡೆಯ ಮೊಟ್ಟೆಗಳು ಅಂಟುಳ್ಳವಾದುದರಿಂದ ಈ ಗಿಡಗಳಿಗೆ ಕಚ್ಚಿಕೊಳ್ಳುವುವು. ಮೊಟ್ಟೆಯಿಟ್ಟುದನ್ನು ಮರುದಿನ ಬೆಳಿಗ್ಗೆ ಕಂಡೊಡನೆ ಗಿಡಗಳನ್ನು ಬೇರೊಂದು ತೊಟ್ಟಿಗೆ ಸಾಗಿಸಬೇಕು; ತಡಮಾಡಿದರೆ ದೊಡ್ಡ ಮೀನುಗಳೇ ಮೊಟ್ಟೆಗಳನ್ನು ತಿಂದುಬಿಡುವುವು. ಒಳ್ಳೆಯ ಮೊಟ್ಟೆಯು ತಿಳಿಯಾಗಿಯೂ ಕೆಟ್ಟದ್ದು ಬೆಳ್ಳಗೂ ಇರುವುದು. ಎರಡು ಮೂರು ದಿನಗಳಲ್ಲಿ ಮರಿಯೊಡೆದು, ಇನ್ನೆರಡು ಮೂರು ದಿನ ಹೊಟ್ಟೆಯ ಕೆಳಗಣ ಚೀಲದಲ್ಲಿರುವ ಆಹಾರದಿಂದಲೇ ಅವು ಬದುಕುವುವು. ಆ ಚೀಲವು ಕರಗಿದೊಡನೆ ಮರಿಕೊಳಕ್ಕೆ ಬಿಡಬೇಕು.

ಮರಿಗಳ ಸಂರಕ್ಷಣೆ.— ಸಗಣಿ ಹಾಕಿದ ಕೊಳದಲ್ಲಿ ನೀರುತಿಗಣೆಗಳೂ, ಬೆನ್ನಡಿಯಾಗಿ ಈಜುವ ಹುಳುಗಳೂ ಕೂಡಿಕೊಂಡು ಮರಿಗಳನ್ನು ಹೀರಿಬಿಡುವುವು. ಮರಿ ಬಿಡುವ ಹಿಂದಿನ ದಿನ, ಗಾಳಿಯಿಲ್ಲದಾಗ, ಗುಂಟೆಯೊಂದಕ್ಕೆ ೫೬೦ ಗ್ರಾಂ ಅಡಿಗೆ ಎಣ್ಣೆಯನ್ನು ೧೮೦ ಗ್ರಾಂ ಬಟ್ಟೆಸೋಪಿನ ನೀರಿನೊಡನೆ ಕಲಸಿ ನೀರಿನ ಮೇಲೆ ಹರಡಬೇಕು. ಉಸಿರಿಗಾಗಿ ಮೇಲಕ್ಕೆ ಬರುವ ಹುಳುಗಳು ಎಣ್ಣೆಯ ಪೊರೆಯಿಂದ ಉಸಿರುಕಟ್ಟಿ ಸಾಯುವುವು. ಈ ಅಲ್ಪ ಖರ್ಚನ್ನು ಉಳಿಸಹೋಗಿ ಇಡೀ ಫಲವನ್ನು ಕಳೆದುಕೊಳ್ಳಬಾರದು.

ಗುಂಟೆಗೆ ೩೦,೦೦೦ ಮರಿಗಳಿಗಿಂತ ಹೆಚ್ಚು ಬಿಡದಿರುವುದು ಲೇಸು. ಬೆಳಿಗ್ಗೆ ಅಥವಾ ಸಂಜೆ, ಪಾತ್ರೆಯ ನೀರಿಗೆ ಕೊಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರಸಿ ಬಿಡಬೇಕು. ನುಣ್ಣಗೆ ಪುಡಿಮಾಡಿದ ಕಡಲೆಕಾಯಿ ಹಿಂಡಿಯನ್ನೂ ಅಕ್ಕಿ ತೌಡನ್ನೂ ಸಮನಾಗಿ ಸೇರಿಸಿ, ಲಕ್ಷ ಮರಿಗಳಿಗೆ ಮೊದಲ ಐದು ದಿನ ದಿನಕ್ಕೆ ಸುಮಾರು ಅರ್ಧ ಕಿಲೋ, ಆಮೇಲೆ ಒಂದು ಕಿಲೋ ಪ್ರಕಾರ ಎರಚಬೇಕು. ಹೆಚ್ಚು ಹಾಕಿದರೆ ಕೊಳೆತು ನೀರು ಕೆಡುವುದು. ಬೆಳಗಿನ ಜಾವ ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ, ಆಹಾರವನ್ನೂ ಗೊಬ್ಬರವನ್ನೂ ನಿಲ್ಲಿಸಿ ಹೊಸ ನೀರನ್ನು ಕೊಡತಕ್ಕದ್ದು. ಹದಿನೈದು ಇಪ್ಪತ್ತು ದಿನಗಳಲ್ಲಿ ಮರಿಗಳು ಅಂಗುಲದಷ್ಟಾಗುವುವು. ಆಗ ಗುಂಟೆಗೆ ೨,೦೦೦ ದಿಂದ ೩,೦೦೦ದಂತೆ ಬೇರೆ ಕೊಳದಲ್ಲಿ ಎರಡು ಮೂರು ತಿಂಗಳು ಬೆಳೆಸಿ, ಬೆರಳುದ್ದವಾದ ಮೇಲೆ ಕೆರೆಗೆ ಬಿಡಬೇಕು.

ಎಚ್ಚರಿಕೆ.— ಗೆಂಡೆಯು ಆಹಾರಕ್ಕಾಗಿ ತಳವನ್ನೂ ಏರಿಯ ಬುಡವನ್ನೂ ಕೆದಕುವ ಸ್ವಭಾವದ್ದು. ಮಣ್ಣೇರಿಯುಳ್ಳವರು ಅದನ್ನು ಆಗಾಗ್ಗೆ ಪರೀಕ್ಷಿಸುತ್ತಿರಬೇಕು. ಇದು ಹೊರದೇಶದ ಜಾತಿಯಾದುದರಿಂದ ಹೊಳೆಗೆ ತಪ್ಪಿಸಿಕೊಂಡು ಹೋಗದಂತೆ ಕೋಡಿಗೆ ಬಲೆ ಕಟ್ಟುವುದೂ ಅವಶ್ಯ.

ಗ್ರಾಮದ ಮುಖಂಡರೂ ಜಮೀನುದಾರರೂ ಒಂದೆರಡು ಮರಿಕೊಳಗಳನ್ನು ಈ ರೀತಿ ನಡೆಸಿದರೆ, ತಮ್ಮ ಕೆರೆಗೆ ಸಾಲುವಷ್ಟು ಮರಿಗಳಲ್ಲದೆ ನೆರೆಯ ರೈತರಿಗೂ ಕೊಡುವಷ್ಟು ದೊರೆಯುವುವು. ದೂರದಿಂದ ಮರಿ ತರುವ ಖರ್ಚೂ, ದಾರಿಯಲ್ಲಿ ಅವು ಸಾಯುವ ನಷ್ಟವೂ ಇದರಿಂದ ತಪ್ಪುವುವು.