ನೆಟ್ಲಿಯ ಸೇನಾ ಆಸ್ಪತ್ರೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಸೌತಾಂಪ್ಟನ್ ಬಂದರಿಗೆ ಸಮೀಪದಲ್ಲಿ ನೆಟ್ಲಿ ಎಂಬ ಊರಿದೆ. ಅಲ್ಲಿಯ ಕಡಲ ದಂಡೆಯ ಮೇಲೆ ಸುಮಾರು ಕಾಲು ಮೈಲಿ ಉದ್ದದ ಸೇನಾ ಆಸ್ಪತ್ರೆಯೊಂದು ನೂರು ವರ್ಷಗಳಿಗೂ ಮಿಕ್ಕಿ ನಿಂತಿತ್ತು.

ಕ್ರಿಮಿಯಾ ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೈನಿಕರಲ್ಲಿ ಶತ್ರುಗಳ ಗುಂಡಿಗಿಂತ ರೋಗರುಜಿನಗಳಿಗೆ ಬಲಿಯಾದವರೇ ಹೆಚ್ಚು. ಈ ಅನಾಹುತದಿಂದ ಎಚ್ಚೆತ್ತ ಸರ್ಕಾರವು ಸೈನಿಕರಿಗಾಗಿ ಭಾರಿ ಆಸ್ಪತ್ರೆಯನ್ನು ನಿರ್ಮಿಸಲು ನಿಶ್ಚಯಿಸಿತು. 1856ರ ಮೇ 19ರಂದು ವಿಕ್ಟೋರಿಯಾ ರಾಣಿಯವರು ಅದರ ಅಡಿಗಲ್ಲನ್ನು ಇರಿಸಿದರು.

ಅದೇ ವರ್ಷ ಯುದ್ಧಭೂಮಿಯಿಂದ ಹಿಂದಿರುಗಿದ ಫ್ಲಾರೆನ್ಸ್ ನೈಟಿಂಗೇಲ್ ಅವರು ಕಟ್ಟಡದ ನಕ್ಷೆಯನ್ನು ಕಂಡು ಕಳವಳಗೊಂಡರು. ಬಿಸಿಲು ಬೀಳುವ ಕಡಲ ಕಡೆಗೆ ಉದ್ದನೆಯ ಮೊಗಸಾಲೆಗಳಿದ್ದವು. ರೋಗಿಗಳ ಕೊಠಡಿಗಳೆಲ್ಲ ಹಿಂಬದಿಯ ಅಂಗಳಕ್ಕೆ ಮುಖಮಾಡಿದ್ದವು. ಗಾಳಿಯು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹಾಯಲು ಅವಕಾಶವಿರಲಿಲ್ಲ. ಹಡಗಿನಿಂದ ನೋಡುವವನ ಕಣ್ಣಿಗೆ ಅದು ಅರಮನೆ. ಒಳಗೆ ಮಲಗಿದವನಿಗೆ ಬಿಸಿಲಿಲ್ಲ, ಗಾಳಿಯಿಲ್ಲ! ಆಕೆ ಪ್ರಧಾನಮಂತ್ರಿ ಪಾಮರ್‌ಸ್ಟನ್ ಅವರಲ್ಲಿಗೇ ಹೋಗಿ ವಾದಿಸಿದರು. ಪ್ರಧಾನಿಗೆ ಅದು ಮನವರಿಕೆಯೂ ಆಯಿತು. ಆದರೆ ಆ ವೇಳೆಗೆ ತಳಹದಿಯ ಕೆಲಸಕ್ಕೆ ಬಹಳ ಹಣ ವ್ಯಯವಾಗಿತ್ತು. ಸಣ್ಣಪುಟ್ಟ ತಿದ್ದುಪಡಿಗಳೊಡನೆ ಅದೇ ನಕ್ಷೆಯಂತೆ ಕಟ್ಟಡವೆದ್ದು 1863ರಲ್ಲಿ ಆಸ್ಪತ್ರೆ ಪ್ರಾರಂಭವಾಯಿತು. ಆಕೆಯ ತತ್ತ್ವಗಳಿಗೆ ಅನುಗುಣವಾದ ಸೇನಾ ಆಸ್ಪತ್ರೆಯು ಲಂಡನ್ನಿನ ಬಳಿಯ ವುಲಿಚ್‌ನಲ್ಲಿ ತಲೆಯೆತ್ತಿದ್ದು 1865ರಲ್ಲಿ.

ಕಟ್ಟಡದಲ್ಲಿ ದೋಷವಿದ್ದರೂ ಅಲ್ಲಿ ನಡೆದ ಕಾರ್ಯ ಅಲ್ಪವಾದುದಲ್ಲ. ಸೇನಾ ವೈದ್ಯಕೀಯ ಶಾಲೆಯು 1863ರಲ್ಲಿಯೇ ನೆಟ್ಲಿಗೆ ಬಂದಿತು. ಭಾರತಕ್ಕೆ ಬರುವ ಸೇನಾ ವೈದ್ಯರು ಇಲ್ಲಿಯೇ ತರಬೇತಿ ಪಡೆಯುತ್ತಿದ್ದರು. 1881ರಲ್ಲಿ ಇಲ್ಲಿ ಕಲಿತ ರೊನಾಲ್ಡ್ ರಾಸ್ ಅವರು 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ನಿಂತ ನೀರನ್ನು ತೆಗೆದರೆ ಸೊಳ್ಳೆಗಳು ಕಡಮೆಯಾಗುವುದನ್ನು ಗಮನಿಸಿದರು. ಮಲೇರಿಯಾ ಹರಡುವುದು ಸೊಳ್ಳೆಗಳಿಂದಲೇ ಎಂಬ ಅವರ ಮುಂದಿನ ಶೋಧನೆಗೆ 1902ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೆಟ್ಲಿಯ ಪ್ರಾಧ್ಯಾಪಕ ಆಲ್ಮ್ರಾತ್ ರೈಟ್ ಅವರು 1896ರ ಸುಮಾರಿಗೆ ವಿಷಮಶೀತಜ್ವರದ ಲಸಿಕೆಯನ್ನು ಸಿದ್ಧಪಡಿಸಿದರು.

ಮೊದಲ ಮಹಾಯುದ್ಧದಲ್ಲಿ ಸುಮಾರು 50,000 ಗಾಯಾಳುಗಳು ಇಲ್ಲಿ ಶುಶ್ರೂಷೆ ಪಡೆದರು. ಅವರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಫಿರಂಗಿಗಳ ಆರ್ಭಟದಿಂದ ಮಾತು ನಿಂತವರು, ಕೈಕಾಲು ನಡುಗುವವರು ಹಲವರು ಬಂದರು. ಅಂಥವರನ್ನು ಹೇಡಿಗಳೆಂದು ಜರೆಯುತ್ತಿದ್ದ ಕಾಲ ಅದು. 1917ರಲ್ಲಿ ವೈದ್ಯ ಆರ್ಥರ್ ಹರ್ಸ್ಟ್ ಅವರು ಅಂಥ ಸೈನಿಕರ ಸ್ಥಿತಿಯನ್ನೂ ಚಿಕಿತ್ಸೆಯನ್ನೂ ಚಲನಚಿತ್ರದಲ್ಲಿ ಸೆರೆಹಿಡಿದರು.

1966ರಲ್ಲಿ ಮುಖ್ಯ ಕಟ್ಟಡವನ್ನು ಕೆಡವಿದಾಗ ಅಡಿಗಲ್ಲಿನ ಕೆಳಗೆ ರಾಣಿಯವರ ಕಾಲದ ನಾಣ್ಯಗಳೂ ಒಂದು ವಿಕ್ಟೋರಿಯಾ ಕ್ರಾಸ್ ಪದಕವೂ ದೊರೆತವು. ನಡುವಿನ ಪ್ರಾರ್ಥನಾಮಂದಿರವನ್ನು ಮಾತ್ರ ಉಳಿಸಿಕೊಂಡರು. ಸುತ್ತಲಿನ ನೆಲ ಈಗ ಸಾರ್ವಜನಿಕ ಉದ್ಯಾನ. ರೋಗಿಗಳಿಗೆ ದಕ್ಕದಿದ್ದ ಕಡಲ ಬಿಸಿಲಿನಲ್ಲಿ ಮಕ್ಕಳು ಆಡುತ್ತಾರೆ.