ಮಂಡಿಯೊಳಗಿನ ಹಗ್ಗಗಳು



ಕಬಡ್ಡಿ ಆಡುವಾಗ ಯಾರದಾದರೂ ಮಂಡಿ ಉಳುಕಿತು ಅಂದ್ರೆ ನಮ್ಮಲ್ಲಿ ಮೊದಲು ಕಾಲು ಹಿಡಿದು ಜಗ್ಗುತ್ತಾರೆ. ಆಮೇಲೆ ಬಿಸಿ ಎಣ್ಣೆ ಹಾಕಿ ತಿಕ್ಕುತ್ತಾರೆ. ಇದನ್ನು ಯಾಕೆ ಮಾಡಬಾರದು ಎಂದು ತಿಳಿಯಲು ಮಂಡಿಯ ಒಳಗೆ ಏನೇನಿದೆ ಅಂತ ನೋಡೋಣ.

ಸೊಂಟದ ಕೀಲು ಬಟ್ಟಲಿನಲ್ಲಿ ಚೆಂಡು ಇಟ್ಟ ಹಾಗಿದೆ ಎಂದು ಪಾಠದಲ್ಲಿ ಓದಿದ್ದೇವೆ. ಅಲ್ಲಿ ಮೂಳೆಯೇ ಮೂಳೆಯನ್ನು ಹಿಡಿದುಕೊಂಡಿರುತ್ತದೆ. ಮಂಡಿಯಲ್ಲಿ ಹಾಗಿಲ್ಲ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ದುಂಡನೆಯ ಉಬ್ಬುಗಳಿವೆ. ಅದರ ಕೆಳಗಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಚಪ್ಪಡಿ ಕಲ್ಲಿನ ಮೇಲೆ ಎರಡು ತೆಂಗಿನಕಾಯಿ ಇಟ್ಟ ಹಾಗೆ! ಅವು ಜಾರದಂತೆ ಮುಖ್ಯವಾಗಿ ಹಿಡಿದಿರುವುದು ನಾಲ್ಕು ಹಗ್ಗಗಳು. ಇವಕ್ಕೆ ಅಸ್ಥಿರಜ್ಜು ಅಥವಾ ಲಿಗಮೆಂಟ್ ಎನ್ನುತ್ತಾರೆ. ಎರಡು ಮೂಳೆಗಳ ನಡುವೆ ಅರ್ಧಚಂದ್ರದಂಥ ಎರಡು ಮೆತ್ತೆಗಳೂ ಇವೆ.

ಮುಂದೆ ಕೈಗೆ ಸಿಗುವ ಮಂಡಿಚಿಪ್ಪು ಬೇರೆಯೇ ಮೂಳೆ. ಕಾಲು ಚಾಚಿ ಕೂತು, ತೊಡೆ ಸಡಿಲ ಬಿಟ್ಟು ಚಿಪ್ಪನ್ನು ಆಚೀಚೆ ತಳ್ಳಿ ನೋಡಿ, ಸರಿದಾಡುತ್ತದೆ. ತೊಡೆ ಬಿಗಿ ಮಾಡಿದರೆ ಅಲ್ಲಾಡುವುದೇ ಇಲ್ಲ. ಯಾಕೆಂದರೆ ಅದು ತೊಡೆಯ ಸ್ನಾಯುವಿನ ತುದಿಯಲ್ಲೇ ಸೇರಿಕೊಂಡಿದೆ.

ಈಗ ಹಗ್ಗಗಳ ವಿಷಯ. ಎರಡು ಹಗ್ಗ ಮಂಡಿಯ ಎಡಬಲಕ್ಕಿವೆ. ಇನ್ನೆರಡು ಒಳಗೆ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುತ್ತವೆ. ಇವುಗಳಲ್ಲಿ ಮುಂದಿನದು ಸುಮಾರು 3 ಸೆಂ.ಮೀ. ಉದ್ದ, ಅಷ್ಟೇ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚದಂತೆ ಅದು ತಡೆಯುತ್ತದೆ. ರೈಡ್ ಹೋದವರು ಪಾದ ಊರಿ ಗಕ್ಕನೆ ತಿರುಗಿದಾಗ ಹರಿಯುವುದು ಹೆಚ್ಚಾಗಿ ಇದೇ. ಯಾರೂ ಮುಟ್ಟಿರಲೇಬೇಕು ಅಂತಿಲ್ಲ. ‘ಚಟ್’ ಅಂತ ಶಬ್ದ ಬರಬಹುದು. ಒಳಗೆ ರಕ್ತ ತುಂಬಿ ಕೆಲವೇ ಗಂಟೆಗಳಲ್ಲಿ ಮಂಡಿ ಊದುತ್ತದೆ.

ಮೋಸ ಇರುವುದು ಇದರ ನಂತರ. ಕೆಲವು ವಾರಗಳಲ್ಲಿ ಊತ ತಾನಾಗಿಯೇ ಇಳಿಯುತ್ತದೆ, ನೆಟ್ಟಗೆ ನಡೆಯಲು ಬರುತ್ತದೆ. ಜಗ್ಗಿದವರಿಗೆ ಹೆಸರು ಬರುತ್ತದೆ! ಆದರೆ ಓಡುತ್ತಾ ತಿರುಗಿದರೆ ಮಂಡಿ ಕುಸಿಯುತ್ತದೆ. ಪ್ರತಿ ಸಲ ಕುಸಿದಾಗಲೂ ಒಳಗಿನ ಮೆತ್ತೆಗೆ ಪೆಟ್ಟಾಗಬಹುದು. ಮೆತ್ತೆ ಹರಿದು ಸಿಕ್ಕಿಕೊಂಡರೆ ಕಾಲು ಪೂರ್ತಿ ನೀಡಲಿಕ್ಕೇ ಆಗುವುದಿಲ್ಲ.

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಹೀಗೇ ಆಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಬಂತು. “ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಮಾಡ್ತಾಳೆ” ಅಂದರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹಗ್ಗ ಕಾಣುವುದಿಲ್ಲ! ಅದಕ್ಕೆ ಎಂಆರ್‌ಐ ಬೇಕು, ಇಲ್ಲವೇ ತಿಳಿದ ವೈದ್ಯರ ಕೈ ಬೇಕು. ಅವರೂ ಕಾಲನ್ನು ಎಳೆದು ನೋಡುತ್ತಾರೆ, ಆದರೆ ಮೆಲ್ಲಗೆ, ಇನ್ನೊಂದು ಮಂಡಿಗೆ ಹೋಲಿಸಿ.

ಪಕ್ಕದ ಹಗ್ಗಗಳಲ್ಲಿ ಒಳಬದಿಯದು ಸಾಮಾನ್ಯವಾಗಿ ವಿಶ್ರಾಂತಿ, ಪಟ್ಟಿಯಿಂದಲೇ ಕೂಡಿಕೊಳ್ಳುತ್ತದೆ. ಮುಂದಿನ ಅಡ್ಡಹಗ್ಗ ಪೂರ್ತಿ ಹರಿದರೆ ತಾನಾಗಿ ಕೂಡುವುದು ಅಪರೂಪ. 1895ರಲ್ಲಿ ಇಂಗ್ಲೆಂಡಿನ ಮೇಯೋ ರಾಬ್ಸನ್ ಎಂಬ ವೈದ್ಯರು ಒಬ್ಬ ಗಣಿ ಕಾರ್ಮಿಕನ ಹರಿದ ಅಡ್ಡಹಗ್ಗಗಳಿಗೆ ಹೊಲಿಗೆ ಹಾಕಿದ್ದರು. ಈಗ ರೋಗಿಯ ಕಾಲಿನಿಂದಲೇ ಒಂದು ಸ್ನಾಯುರಜ್ಜು ತೆಗೆದು ಹೊಸ ಹಗ್ಗ ಮಾಡುತ್ತಾರೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ವ್ಯಾಯಾಮವಂತೂ ಎಲ್ಲರಿಗೂ ಬೇಕು. ಕುಸ್ತಿಯ ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೋದವರು. ಆಪರೇಷನ್ ಆಗಿ, 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಆ ಅಕ್ಕನ ಮನೆಯವರಿಗೂ ಇದನ್ನು ಹೇಳಿದ್ದೇನೆ.

ನಮ್ಮ ವಯಸ್ಸಿನವರಿಗೆ ಚಿಪ್ಪಿನ ಕೆಳಗೆ ನೋಯುವ ಗಂಟು ಬರುವುದುಂಟು. ಬೆಳೆಯುತ್ತಿರುವ ಮೂಳೆಯನ್ನು ಸ್ನಾಯು ಜಗ್ಗುವುದರಿಂದ ಹೀಗಾಗುತ್ತದೆ. ಜಿಗಿತ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ, ಹೆದರಬೇಡಿ.

ಪೆಟ್ಟಾದ ಕೂಡಲೇ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಡಿ, ಐಸಿಲ್ಲದಿದ್ದರೆ ತಣ್ಣೀರು ಬಟ್ಟೆ. ಕಾಲನ್ನು ದಿಂಬಿನ ಮೇಲೆತ್ತಿ ಮಲಗಿಸಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮಂಡಿ ಸೊಟ್ಟಗಾಗಿದ್ದರೆ, ಪಾದ ತಣ್ಣಗಾದರೆ ಒಂದು ಗಳಿಗೆಯೂ ಕಾಯಬಾರದು.

ಗುರುಗಳಲ್ಲಿ ಒಂದು ವಿನಂತಿ: ನಮ್ಮ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹತ್ತಿ, ಟಿಂಚರ್ ಇವೆ, ಕ್ರೇಪ್ ಬ್ಯಾಂಡೇಜ್ ಇಲ್ಲ. ವಲಯ ಮಟ್ಟದ ಪಂದ್ಯಕ್ಕೆ ಮುಂಚೆ ಎರಡು ತರಿಸಿಕೊಡಿ.